ಹತ್ತಕ್ಕೆ ಹೊಡೆಯಬೇಕಿದ್ದ ಗಂಟೆ

ಮಿಸ್ ತೀರಿಹೋದ ನಾಲ್ಕನೇ ದಿನ ಅವರ ತಮ್ಮನ ಮಗ ನಂಜನಗೂಡಿನಿಂದ ಬಸ್ಸು ಹತ್ತಿಕೊಂಡು ತಿ. ನರಸೀಪುರದ ನನ್ನ ಅಂಗಡಿಗೆ ಬಂದರು. ಶಿವಗಣಾರಾಧನೆಯ ಕಾರ್ಡನ್ನು ನಾನೇ ಮಾಡಿಕೊಡಬೇಕಂತೆ. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊಟ್ಟೆಪಾಡಿಗೆ ಜೊತೆಯಲ್ಲಿ ಟೈಪಿಂಗು, ಕಾರ್ಡು, ಜೆರಾಕ್ಸು ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ನಂಜನಗೂಡಿನಲ್ಲಿ ಕಾರ್ಡು ಮಾಡುವವರಿಗೇನು ಬರವೇ ಎಂದು ಕೇಳಿದೆ. ಅವರು ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಅತ್ತೆಯ ಬೀರುವಿನಲ್ಲಿತ್ತು ಎಂದರು. ಕನ್ನಡ ಟೈಪ್‌ರೈಟರಿನಲ್ಲಿ ಅಚ್ಚುಕಟ್ಟಾಗಿ ಹೊಡೆದ ಚೀಟಿ. ಮೇಲೆ ನನ್ನ ಹೆಸರು, ಅಂಗಡಿಯ ವಿಳಾಸ. ಕೆಳಗೆ ಒಂದೇ ಸಾಲು: 'ನನ್ನ ಕಾರ್ಡನ್ನು ಇವನು ಮೂರು ಸಲ ಓದಿ ನೋಡಿದ ಮೇಲೆಯೇ ಪ್ರಿಂಟ್ ಮಾಡತಕ್ಕದ್ದು.' ದುಃಖದಲ್ಲಿದ್ದ ಆ ಮನುಷ್ಯನ ಎದುರಿಗೇ ನಾನು ನಕ್ಕುಬಿಟ್ಟೆ. ನಕ್ಕಿದ್ದೇಕೆಂದು ಅವರಿಗೆ ಹೇಳಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರಿಗೊಂದು ಹೆಸರಿತ್ತು, ಆದರೆ ಯಾರೂ ಬಳಸುತ್ತಿರಲಿಲ್ಲ. ಕೆಳಗಿನ ಬಟ್ಟೆ ಅಂಗಡಿಯ ಯಜಮಾನರಿಗೂ ಮಿಸ್, ಪೋಸ್ಟ್‌ಮ್ಯಾನಿಗೂ ಮಿಸ್, ಸೊಪ್ಪಿನವಳಿಗೂ ಮಿಸ್. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಆ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಹನ್ನೊಂದು ಮಿಷಿನ್ನು, ಒಂದು ಗೋಡೆ ಗಡಿಯಾರ, ಒಂದು ಅಡಿಕೋಲು. ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಹೋಗಿ ಮನೆಯಲ್ಲಿ ಕೂತಿದ್ದವರೆಲ್ಲ ಒಂದಲ್ಲ ಒಂದು ದಿನ ಆ ಮೆಟ್ಟಿಲು ಹತ್ತುತ್ತಿದ್ದೆವು. ನನಗೆ ಹೋಗಿದ್ದು ಎರಡು ಸಬ್ಜೆಕ್ಟು, ಹಾಗಾಗಿ ಜೂನಿಯರ್, ಸೀನಿಯರ್ ಎರಡನ್ನೂ ಅಲ್ಲೇ ಮುಗಿಸಿದೆ.

ಮಿಸ್ ನಮ್ಮ ಬೆನ್ನ ಹಿಂದೆ ನಿಂತು ಪಾಠ ಹೇಳುತ್ತಿರಲಿಲ್ಲ. ಅವರು ನಮಗೆ ಬೆನ್ನು ಹಾಕಿ ಕಿಟಕಿಯ ಬಳಿ ಕೂತು, ರಿಬ್ಬನ್ ಸುತ್ತುತ್ತಲೋ ಹುರುಳಿಕಾಯಿಯ ನಾರು ಬಿಡಿಸುತ್ತಲೋ ಇರುತ್ತಿದ್ದರು. ಹನ್ನೊಂದು ಮಿಷಿನ್ನುಗಳ ಗದ್ದಲದ ನಡುವೆ ತಟ್ಟನೆ, "ನಾಲ್ಕನೇ ಮಿಷಿನ್, ಹಿಂದಕ್ಕೆ ಹೋಗು" ಎನ್ನುವರು. ನಾಲ್ಕನೇ ಮಿಷಿನ್ನಿನ ನಾನು ನೋಡಿದರೆ ತಪ್ಪು ಇದ್ದೇ ಇರುತ್ತಿತ್ತು. ಅವರಿಗೆ ಅದು ಕಿವಿಗೇ ಗೊತ್ತಾಗುತ್ತಿತ್ತು. ಒಂದು ದಿನ ನನ್ನ ಪಕ್ಕದವನು ಪರೀಕ್ಷೆ ಮಾಡೋಣವೆಂದು ಬೇಕೆಂದೇ ತಪ್ಪು ಹೊಡೆದ. ಮಿಸ್ ತಿರುಗಲೇ ಇಲ್ಲ. ಅದು ತಪ್ಪಲ್ಲ, ಕೊಬ್ಬು ಎಂದರು.

ಅವರ ಕಾನೂನು ಎರಡೇ. ಮೊದಲನೆಯದು, ಬೆರಳನ್ನೂ ನೋಡಬಾರದು, ಮಿಷಿನ್ನನ್ನೂ ನೋಡಬಾರದು. ಕಣ್ಣು ಎದುರಿಗಿಟ್ಟ ಪ್ರತಿಯ ಮೇಲೆ ಮಾತ್ರ ಇರಬೇಕು. ಮನೆಗೆ ಬೆಂಕಿ ಬಿದ್ದರೂ ಸಾಲು ಮುಗಿಸಿಯೇ ಏಳಬೇಕು. ಎರಡನೆಯದು, ಹೊಡೆದದ್ದನ್ನು ಇನ್ನೊಬ್ಬರಿಂದ ಓದಿಸಬೇಕು. ಓದುವುದೂ ಹೇಗೆ? ಮೂರು ಸಲ, ಮೂರನೇ ಸಲ ಕೊನೆಯ ಪದದಿಂದ ಮೊದಲ ಪದಕ್ಕೆ, ಹಿಂದು ಹಿಂದಕ್ಕೆ. ತಪ್ಪು ಸಿಕ್ಕರೆ ಆ ಸಾಲನ್ನು ಐವತ್ತು ಸಲ ಹೊಡೆಯಬೇಕು, ಹೊಡೆದವನೂ ಓದಿದವನೂ ಇಬ್ಬರೂ. ಇದ್ಯಾವ ನ್ಯಾಯ ಮಿಸ್ ಎಂದು ನಾನೊಮ್ಮೆ ಜಗಳ ತೆಗೆದಿದ್ದೆ. "ಟೈಪ್ ಮಾಡಿದೋನ್ದು ಅರ್ಧ ತಪ್ಪು ಕಣಪ್ಪ, ಓದಿ ನೋಡದೋನ್ದು ಇನ್ನರ್ಧ" ಎಂದು ಹೇಳಿ ಎರಡು ಹಾಳೆ, ನಡುವೆ ಒಂದು ಕಾರ್ಬನ್ನು ಕೊಟ್ಟು ಕೂರಿಸಿದ್ದರು.

ಟೈಪ್‌ರೈಟರ್ ಕಂಡಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ಮೊದಲನೆಯದು, ಸಾಲು ಮುಗಿಯುವುದಕ್ಕೆ ಏಳೆಂಟು ಅಕ್ಷರ ಇರುವಾಗ ಅದರಲ್ಲೊಂದು ಪುಟ್ಟ ಗಂಟೆ ಹೊಡೆಯುತ್ತದೆ. ಜಾಗ ಮುಗಿಯುತ್ತಾ ಬಂತು, ಕೈಯಲ್ಲಿರುವ ಪದ ಮುಗಿಸಿಕೋ ಎಂದು ಹೇಳುವ ಗಂಟೆ. ಎರಡನೆಯದು, ನಮ್ಮ ಇಂಗ್ಲಿಷ್ ಮಿಷಿನ್ನುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಚಿಕ್ಕ ಎಲ್ ಅಕ್ಷರ ನೋಡಲು ಒಂದರ ಹಾಗೇ ಇರುತ್ತದಲ್ಲ, ಅದನ್ನೇ ಹೊಡೆಯುತ್ತಿದ್ದೆವು. ಹನ್ನೊಂದು ಎಂದರೆ ಎರಡು ಎಲ್. ಮಿಸ್ ಮೂವತ್ತು ವರ್ಷ ಹಾಗೆಯೇ ಹೊಡೆದಿದ್ದರು.

ಎರಡು ಸಾವಿರ ಇಸವಿ ದಾಟುತ್ತಿದ್ದಂತೆ ಇನ್‌ಸ್ಟಿಟ್ಯೂಟಿಗೆ ಬರುವವರು ಕಡಿಮೆಯಾದರು. ಎಲ್ಲರಿಗೂ ಕಂಪ್ಯೂಟರ್ ಬೇಕು. ಮಿಸ್ ಕಣ್ಣೀರು ಹಾಕುವ ಪೈಕಿ ಅಲ್ಲ. ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಹಳೇದಾದರೂ ಚಿಂತೆಯಿಲ್ಲ, ಕರೆಂಟ್ ಹೋದರೂ ನಡೆಯುವಂಥದ್ದೊಂದು ಬೇಕು ಎಂದರು. ನನ್ನ ಬಳಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಬೆರಳಾಡಿಸುವ ಪ್ಯಾಡು ಸತ್ತಿತ್ತು, ಬಣ್ಣದ ಚಿತ್ರಗಳನ್ನು ಎಳೆಯುವಷ್ಟು ತ್ರಾಣವೂ ಅದಕ್ಕಿರಲಿಲ್ಲ. ಲಿನಕ್ಸ್ ಎಂಬ ಬಿಟ್ಟಿ ಸಾಫ್ಟ್‌ವೇರ್ ಹಾಕಿ, ಬರೀ ಕಪ್ಪು ಪರದೆ, ಬಿಳಿ ಅಕ್ಷರ ಬರುವಂತೆ ಮಾಡಿದ್ದೆ. ಯಾವ ಗಿರಾಕಿಯೂ ಅದನ್ನು ಎರಡನೇ ಸಲ ನೋಡಿರಲಿಲ್ಲ. ಮಿಸ್ ನೋಡಿದರು, ಕೂತರು, ಹತ್ತು ಬೆರಳನ್ನೂ ನಡುಸಾಲಿನ ಕೀಲಿಗಳ ಮೇಲಿಟ್ಟರು. ಎಲ್ಲ ಕೆಲಸವನ್ನೂ ಟೈಪ್ ಮಾಡಿಯೇ ಹೇಳಬೇಕು, ಇದಕ್ಕೆ ಮೌಸ್ ಇಲ್ಲ ಎಂದು ನಾನು ಹಿಂಜರಿಯುತ್ತಾ ಹೇಳಿದೆ. ಅದೇ ಒಳ್ಳೇದು, ಕೈ ಎತ್ತಿಸುವ ವಸ್ತು ನನಗೆ ಬೇಡ ಎಂದರು. ರೆಕ್ಸಿನ್ ಬಟ್ಟೆಯಲ್ಲಿ ಟೈಪ್‌ರೈಟರಿಗೆ ಹೊಲಿಯುವ ಹಾಗೆ ಅದಕ್ಕೂ ಒಂದು ಗವಸು ಹೊಲಿದರು.

ತೊಂದರೆ ಇದ್ದದ್ದು ಬ್ಯಾಟರಿಯಲ್ಲಿ. ಬೇರೆ ಲ್ಯಾಪ್‌ಟಾಪುಗಳಲ್ಲಿ ಮೂಲೆಯಲ್ಲೊಂದು ಪುಟ್ಟ ಬ್ಯಾಟರಿ ಚಿತ್ರ ಇರುತ್ತದೆ, ಇದರಲ್ಲಿ ಚಿತ್ರವೇ ಇಲ್ಲ. ಎಷ್ಟು ಉಳಿದಿದೆ ಎಂದು ಕಮ್ಯಾಂಡ್ ಹೊಡೆದು ಕೇಳಬೇಕು. ನಾನು ಹೇಳಿಕೊಟ್ಟೆ. ಯಂತ್ರದೊಳಗೆ ಬ್ಯಾಟರಿಯದೊಂದು ಫೈಲಿದೆ, ಅದರ ಹೆಸರಿನ ಕೊನೆಯಲ್ಲಿ ಒಂದು ಎಂಬ ಅಂಕಿ ಇದೆ, ಅದನ್ನು ತೆರೆದರೆ ಲೆಕ್ಕವೆಲ್ಲ ಸಿಗುತ್ತದೆ. ಮಿಸ್ ಪಟಪಟನೆ ಹೊಡೆದರು. ಅಂಥ ಫೈಲೇ ಇಲ್ಲ ಎಂದಿತು ಯಂತ್ರ. ಮತ್ತೆ ಹೊಡೆದರು. ಇಲ್ಲ ಎಂದಿತು. ಮಿಸ್‌ಗೆ ತಪ್ಪು ಎಂದ ಮೊದಲ ಮಿಷಿನ್ನು ಅದೇ ಇರಬೇಕು, ಮುಖ ಕೆಂಪಾಯಿತು. ನೋಡಿದರೆ ಒಂದರ ಜಾಗದಲ್ಲಿ ಎಲ್. ಹಳೆಯ ಬೆರಳು ಹಳೆಯ ದಾರಿಯನ್ನೇ ಹಿಡಿದಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು, ಸ್ವಲ್ಪ ಹೊತ್ತು ಬಿಟ್ಟು.

ಆಮೇಲೆ ಅವರು ಆ ಬ್ಯಾಟರಿಯನ್ನು ಸಾಕಿದ ರೀತಿ ನೋಡಬೇಕಿತ್ತು. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು, ಐದೈದು ನಿಮಿಷಕ್ಕೆ ಎಷ್ಟು ಉಳಿದಿದೆ, ಎಷ್ಟು ಖರ್ಚಾಗುತ್ತಿದೆ ಎಂದು ಬರೆಯುತ್ತಿದ್ದರು. ಉಳಿದದ್ದನ್ನು ಖರ್ಚಿನಿಂದ ಭಾಗಿಸಿದರೆ ಇನ್ನೆಷ್ಟು ಹೊತ್ತು ನಡೆಯುತ್ತದೆಂದು ಸಿಗುತ್ತದೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರೇ ಕಂಡುಕೊಂಡರು. ಪರದೆಯ ಬೆಳಕು ಇಳಿಸುವ ಕಮ್ಯಾಂಡು, ಪ್ರೊಸೆಸರಿನ ಓಟ ತಗ್ಗಿಸುವ ಕಮ್ಯಾಂಡು, ಹಾರ್ಡ್ ಡಿಸ್ಕ್ ಸುಮ್ಮನೆ ತಿರುಗದಂತೆ ಮಲಗಿಸುವ ಕಮ್ಯಾಂಡು, ಮೂರನ್ನೂ ಬಾಯಿಪಾಠ ಮಾಡಿಕೊಂಡು, ನಲವತ್ತೆಂಟು ನಿಮಿಷ ನಡೆಯುತ್ತಿದ್ದದ್ದನ್ನು ಎಪ್ಪತ್ತು ನಿಮಿಷಕ್ಕೆ ತಂದರು. ತಂದ ದಿನ ಬಟ್ಟೆ ಅಂಗಡಿಯವರ ಫೋನಿನಿಂದ ನನಗೆ ಫೋನ್ ಮಾಡಿ, ಬರೀ "ಎಪ್ಪತ್ತು" ಎಂದು ಹೇಳಿ ಇಟ್ಟುಬಿಟ್ಟರು.

ಆದರೆ ಒಂದು ಸಿಟ್ಟು ಉಳಿದಿತ್ತು. ಈ ಯಂತ್ರ ಹೇಳದೆ ಕೇಳದೆ ಆರಿಹೋಗುತ್ತಿತ್ತು. ಮೂವತ್ತು ವರ್ಷ ಒಂದು ಸಾಲೂ ಗಂಟೆ ಹೊಡೆಯದೆ ಮುಗಿದಿಲ್ಲ, ಇಷ್ಟು ದೊಡ್ಡ ಮಿಷಿನ್ನಿಗೆ ಆ ಮರ್ಯಾದೆ ಇಲ್ಲವಲ್ಲ ಎಂದು ಬೈಯುತ್ತಿದ್ದರು. ಗಂಟೆ ಕಟ್ಟಬಹುದು ಮಿಸ್, ಪುರಸೊತ್ತಾದಾಗ ಕಟ್ಟಿಕೊಡುತ್ತೇನೆ ಎಂದು ಹೇಳಿ ನಾನು ಮರೆತೆ.

ಹೀಗಿರುವಾಗ ತಾಂಡವಪುರದ ಕಡೆಯ ಒಂದು ಕಾರ್ಖಾನೆಯವರು ಆಫೀಸು ಕೆಲಸಕ್ಕೆ ಟೈಪಿಂಗ್ ಬಲ್ಲ ಹುಡುಗಿಯರು ಬೇಕೆಂದು ಮಿಸ್‌ಗೆ ಹೇಳಿ ಕಳಿಸಿದರು. ಆರು ಜನ ತಯಾರಾದರು. ಆರನೆಯವಳು ಹೆಡತಲೆ ಎಂಬ ಹಳ್ಳಿಯವಳು. ಅಪ್ಪ ಅಮ್ಮ ಕೂಲಿಗೆ ಹೋಗುವವರು, ಅವಳು ದಿನಾ ಮೊದಲ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಈ ಕೆಲಸವೊಂದು ಸಿಗದಿದ್ದರೆ ಇನ್ನು ಬಸ್ ಪಾಸ್ ಮಾಡಿಸುವುದಿಲ್ಲ, ಮನೆಯಲ್ಲಿರು ಎಂದು ಅವಳ ಅಣ್ಣ ಹೇಳಿಯಾಗಿತ್ತು. ಅದನ್ನು ಮಿಸ್ ನನಗೆ ಎರಡು ಸಲ ಹೇಳಿದ್ದರು. ಅವರು ಯಾವುದನ್ನೂ ಎರಡು ಸಲ ಹೇಳುವವರಲ್ಲ.

ಕಾರ್ಖಾನೆಯ ಅಧಿಕಾರಿ ಬರುವುದು ಹನ್ನೊಂದೂವರೆಗೆ, ಒಂದು ಗಂಟೆಗೆ ಹೊರಡಬೇಕು. ಪರೀಕ್ಷೆ ಕಂಪ್ಯೂಟರಿನಲ್ಲೇ ಆಗಬೇಕು, ತಲೆಗೆ ಹತ್ತು ನಿಮಿಷ. ಆ ಬೇಸಿಗೆಯಲ್ಲಿ ಹತ್ತರಿಂದ ಒಂದರವರೆಗೆ ಕರೆಂಟ್ ಇರುತ್ತಿರಲಿಲ್ಲ. ಇರುವುದು ಒಂದೇ ಲ್ಯಾಪ್‌ಟಾಪು. ಆರು ಹತ್ತಲ ಅರವತ್ತು, ಕೂರುವುದಕ್ಕೆ ಏಳುವುದಕ್ಕೆ ಹತ್ತು, ಸರಿಯಾಗಿ ಎಪ್ಪತ್ತು. ಒಂದು ನಿಮಿಷ ಹೆಚ್ಚಿಲ್ಲ. ಹಿಂದಿನ ಸಂಜೆ ಮಿಸ್ ಫೋನ್ ಮಾಡಿ, ಗಂಟೆ ಈಗ ಕಟ್ಟಿಕೊಡು ಎಂದರು. ಬ್ಯಾಟರಿ ನೂರರಲ್ಲಿ ಹತ್ತಕ್ಕಿಂತ ಕೆಳಗಿಳಿದರೆ ಗಂಟೆ ಹೊಡೆಯಬೇಕು. ಹೊಡೆದ ತಕ್ಷಣ ಆ ಹುಡುಗಿ ಟೈಪ್ ಮಾಡಿದ್ದನ್ನು ಸೇವ್ ಮಾಡಿಸಿ, ಉಳಿದದ್ದನ್ನು ಟೈಪ್‌ರೈಟರಿನಲ್ಲಿ ಮುಗಿಸುವುದು. ಅಧಿಕಾರಿಯ ಒಪ್ಪಿಗೆಯನ್ನೂ ಪಡೆದಿದ್ದರು. ನಾನು ಫೋನಿನಲ್ಲೇ ಆರು ಸಾಲಿನ ಸ್ಕ್ರಿಪ್ಟು, ಅಂದರೆ ಯಂತ್ರ ನಿಮಿಷಕ್ಕೊಮ್ಮೆ ತಾನಾಗಿ ನಡೆಸುವ ಕಮ್ಯಾಂಡುಗಳನ್ನು, ಹೇಳಿದೆ. ಅವರು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ಹೋಗಿ ಟೈಪ್ ಮಾಡಿದರು. ಗಂಟೆ ಹೊಡೆಯುತ್ತದೋ ಇಲ್ಲವೋ ನೋಡಬೇಕೆಂದರೆ ಬ್ಯಾಟರಿ ಪೂರ್ತಿ ಇಳಿಸಬೇಕು, ಅದಕ್ಕೆ ಹೊತ್ತಿರಲಿಲ್ಲ.

ಬೆಳಿಗ್ಗೆ ನಾನೂ ನಂಜನಗೂಡಿಗೆ ಹೋದೆ. ಮಿಸ್ ಸ್ಕ್ರಿಪ್ಟನ್ನು ಪರದೆಯ ಮೇಲೆ ತೆರೆದು, "ಒಂದ್ಸಲ ಓದಪ್ಪ" ಎಂದರು.

"ನೀವು ಟೈಪ್ ಮಾಡಿದ್ದನ್ನ ನಾನು ಓದೋದಾ ಮಿಸ್? ಎಲ್ಲಾದ್ರೂ ಉಂಟೆ" ಎಂದು ನಾನು ದೊಡ್ಡ ಮನುಷ್ಯನಂತೆ ಹೇಳಿ ಕಾಫಿ ತರಲು ಹೋದೆ.

ಅಧಿಕಾರಿ ಒಳ್ಳೆಯವರೇ, ಆದರೆ ಮಾತುಗಾರರು. ಕಾರ್ಖಾನೆಯ ಶಿಸ್ತಿನ ಬಗ್ಗೆ ನಾಲ್ಕು ಮಾತು ಎಂದು ಶುರು ಮಾಡಿದರು. ಮಿಸ್ ಲ್ಯಾಪ್‌ಟಾಪನ್ನು ಆಗಲೇ ಆನ್ ಮಾಡಿ ಇಟ್ಟಿದ್ದರು, ಅವರ ಕಣ್ಣೆಲ್ಲ ಗಡಿಯಾರದ ಮೇಲೆ. ಎರಡನೇ ಹುಡುಗಿ ಕೂತಾಗ ಅಧಿಕಾರಿ ಬಗ್ಗಿ ನೋಡಿ, ಪರದೆ ಮಬ್ಬಾಗಿದೆ, ಸ್ವಲ್ಪ ಬೆಳಕು ಮಾಡಿ ಮೇಡಂ ಎಂದರು. ಮಿಸ್ ಕಮ್ಯಾಂಡ್ ಹೊಡೆದು ಬೆಳಕು ಏರಿಸಿದರು. ಯಾರದೋ ಊಟದ ತಟ್ಟೆಯಿಂದ ಅನ್ನ ತೆಗೆದುಕೊಟ್ಟ ಹಾಗಿತ್ತು ಅವರ ಮುಖ. ಅಧಿಕಾರಿ ಅತ್ತ ತಿರುಗಿದಾಗ ಬೆಳಕನ್ನು ಒಂದೊಂದೇ ಮೆಟ್ಟಿಲು ಇಳಿಸಿದರು.

ಐವರದು ಮುಗಿಯಿತು, ಐವರದೂ ಸೇವ್ ಆಯಿತು. ಹೆಡತಲೆಯ ಹುಡುಗಿ ಕೂತಳು. ಮಿಸ್ ಸ್ಟಾಪ್‌ವಾಚ್ ಒತ್ತಿದರು. ನಾವೆಲ್ಲ ಗಂಟೆಗೆ ಕಾಯುತ್ತಿದ್ದೆವು. ಅವಳು ಒಳ್ಳೆ ಲಯದಲ್ಲಿ ಹೊಡೆಯುತ್ತಿದ್ದಳು. ಐದು ನಿಮಿಷವಾಯಿತು, ಆರಾಯಿತು. ಗಂಟೆ ಹೊಡೆಯಲಿಲ್ಲ. ಪರದೆ ಮಾತ್ರ ಒಮ್ಮೆ ಮಿನುಗಿ ಕಪ್ಪಾಯಿತು. ಯಂತ್ರದೊಳಗಿನ ಪುಟ್ಟ ಫ್ಯಾನಿನ ಸದ್ದೂ ನಿಂತಿತು.

ಹುಡುಗಿ ನಿಲ್ಲಲಿಲ್ಲ. ಅವಳ ಕಣ್ಣು ಎಡಗಡೆಯ ಪ್ರತಿಯ ಮೇಲಿತ್ತು, ಮಿಸ್ ಕಲಿಸಿದ ಹಾಗೆ. ಸತ್ತ ಯಂತ್ರದ ಮೇಲೆ ಅವಳ ಹತ್ತು ಬೆರಳೂ ಓಡುತ್ತಿದ್ದವು. ಅಧಿಕಾರಿ ಬಾಯಿ ತೆರೆದರು. ಮಿಸ್ ಅಂಗೈ ಎತ್ತಿ ಅವರನ್ನು ತಡೆದರು. ಆ ಕೋಣೆಯಲ್ಲಿ ನಾಲ್ಕು ನಿಮಿಷ ಕೀಲಿಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಿಸ್ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ನನಗೆ ಅಳುವೋ ನಗುವೋ ಗೊತ್ತಾಗದೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೊನೆಯ ಫುಲ್‌ಸ್ಟಾಪ್ ಒತ್ತಿ ಅವಳು ತಲೆ ಎತ್ತಿದಳು. ಕಪ್ಪು ಪರದೆ ನೋಡಿ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಮಿಸ್, ನಾ ಏನಾರ ಮುಟ್ಬಾರದ್ದು ಮುಟ್ಬುಟ್ನಾ?" ಎಂದಳು.

"ನೀನೇನೂ ಮಾಡಿಲ್ಲ ಮಗೂ" ಎಂದು ಹೇಳಿ ಮಿಸ್ ಅಧಿಕಾರಿಯ ಕಡೆ ತಿರುಗಿದರು. "ಇವಳು ಹೊಡೆದದ್ದರಲ್ಲಿ ಒಂದೂ ತಪ್ಪಿಲ್ಲ ಸಾರ್, ನಾನು ಕೇಳಿಸ್ಕೊಂಡಿದೀನಿ. ಗಂಟೆ ಹೊಡೀಬೇಕಿತ್ತು, ಹೊಡೀಲಿಲ್ಲ. ಅದು ನಾನು ಟೈಪ್ ಮಾಡಿದ್ದು. ತಪ್ಪು ನಂದು. ನನ್ನ ತಪ್ಪಿಗೆ ಇವಳ ಕೆಲಸ ಹೋಗಬಾರದು. ಇನ್ನು ಹತ್ತು ನಿಮಿಷ ಕೊಡಿ."

ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಮಿಸ್ ಬಾಯಿಂದ 'ತಪ್ಪು ನಂದು' ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿದರು, ಹುಡುಗಿಯನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಮಿಸ್ ಟೈಪ್‌ರೈಟರಿನ ಗವಸು ತೆಗೆದು ಹಾಳೆ ಸಿಕ್ಕಿಸಿದರು. ಹುಡುಗಿ ಅದೇ ಪ್ರತಿಯನ್ನು ಮೊದಲಿಂದ ಹೊಡೆದಳು. ಪ್ರತಿ ಸಾಲಿಗೂ ಗಂಟೆ ಹೊಡೆಯಿತು. ಪ್ರತಿ ಗಂಟೆಗೂ ಅಧಿಕಾರಿ ತಲೆದೂಗಿದರು. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಉಳಿದವರದು ಆಮೇಲೆ ಹೇಳಿ ಕಳಿಸುತ್ತೇನೆ, ಈ ಹುಡುಗಿ ಮಾತ್ರ ಸೋಮವಾರ ಬರಲಿ ಎಂದು ಹೇಳಿ ಮೆಟ್ಟಿಲಿಳಿದರು. ಕತ್ತಲೆಯಲ್ಲೂ ಕೆಲಸ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ ಎಂದು ಅವರು ಕೆಳಗೆ ಬಟ್ಟೆ ಅಂಗಡಿಯವರ ಬಳಿ ನಗುತ್ತಿದ್ದದ್ದು ಮೇಲಕ್ಕೂ ಕೇಳಿಸಿತು.

ಕರೆಂಟ್ ಬಂದ ಮೇಲೆ ನಾನು ಸ್ಕ್ರಿಪ್ಟ್ ತೆರೆದೆ. ಹತ್ತು ಎಂಬಲ್ಲಿ ಸೊನ್ನೆ ಸರಿಯಾಗಿತ್ತು. ಒಂದರ ಜಾಗದಲ್ಲಿ ಎಲ್. ಬ್ಯಾಟರಿಯ ಫೈಲಿಗೆ ಹುಷಾರಾಗಿ ಒಂದು ಹೊಡೆಯುವುದನ್ನು ಕಲಿತಿದ್ದ ಬೆರಳು, ಅವಸರದ ಸಂಜೆಯಲ್ಲಿ ತನ್ನ ಹಳೇ ಮನೆಗೆ ಹೋಗಿಬಿಟ್ಟಿತ್ತು. ಇದು ಅಂಕಿಯಲ್ಲ ಎಂದು ಯಂತ್ರ ನಿಮಿಷಕ್ಕೊಮ್ಮೆ, ಕೀಲಿ ಒತ್ತಿದರೆ ಮಾತ್ರ ಕಾಣುವ ಎರಡನೇ ಪರದೆಯಲ್ಲಿ ಹೇಳುತ್ತಲೇ ಇತ್ತು, ನಾವೆಲ್ಲ ಮೊದಲನೇ ಪರದೆ ನೋಡುತ್ತಿದ್ದೆವು. ಮಿಸ್ ಮೂಗಿನ ತುದಿಗೆ ಕನ್ನಡಕ ಇಳಿಸಿ ಆ ಎಲ್ಲನ್ನೇ ಬಹಳ ಹೊತ್ತು ನೋಡಿದರು. ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ.

ಮರುದಿನ ಮೊದಲ ಬಸ್ಸಿಗೇ ಮಿಸ್ ನನ್ನ ಅಂಗಡಿಗೆ ಬಂದರು, ಗವಸಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು. ತಪ್ಪಿದ್ದ ಆ ಸಾಲನ್ನು ಐವತ್ತು ಸಲ ಟೈಪ್ ಮಾಡಿದ್ದರು. ಪ್ರಿಂಟ್ ತೆಗೆಸಿದರು. ಕೆಂಪು ಪೆನ್ನು ನನ್ನ ಕೈಗೆ ಕೊಟ್ಟು, ತಿದ್ದು ಎಂದು ಎದುರಿಗೆ ಸ್ಟೂಲಿನ ಮೇಲೆ ಕೂತರು. ನನಗೆ ನಾಚಿಕೆಯಾಯಿತು. ನನ್ನ ಗುರುಗಳು ನನ್ನಿಂದ ತಿದ್ದಿಸಿಕೊಳ್ಳುವುದೆಂದರೇನು? ಮೇಲಿಂದ ಕೆಳಕ್ಕೆ ಒಮ್ಮೆ ಕಣ್ಣಾಡಿಸಿ, ಕೆಳಗೆ 'ಸರಿ' ಎಂದು ಬರೆದು ಸಹಿ ಹಾಕಿ ಹಿಂದಕ್ಕೆ ಕೊಟ್ಟೆ.

ಮಿಸ್ ಬ್ಯಾಗಿನಿಂದ ಅಡಿಕೋಲು ತೆಗೆದು ಮೂವತ್ತೇಳನೇ ಸಾಲಿನ ಕೆಳಗಿಟ್ಟರು. ಅಲ್ಲಿ ಒಂದರ ಬದಲು ಎಲ್ ಕೂತಿತ್ತು.

"ಇದನ್ನ ನಾನು ಬೇಕು ಅಂತ್ಲೇ ಹಾಕಿದ್ದು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನಿನ್ನೆ ಬೆಳಿಗ್ಗೆ ಓದು ಅಂದೆ. ಮಿಸ್ ಹೊಡೆದದ್ದು ಅಂತ ಓದ್ಲಿಲ್ಲ. ಇವತ್ತೂ ಓದ್ಲಿಲ್ಲ. ನನ್ನ ಮೇಲೆ ನೀನಿಟ್ಟ ಮರ್ಯಾದೇಲಿ ಆ ಮಗು ಕೆಲಸ ಹೋಗ್ತಿತ್ತು ಕಣಪ್ಪ. ನನ್ನರ್ಧ ನಾನು ಬರೆದಾಯ್ತು. ನಿನ್ನರ್ಧ ಎಲ್ಲಿ?"

ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರು. ಒಬ್ಬರು ಮುಡುಕುತೊರೆಯಿಂದ ಮಗಳ ಮದುವೆ ಕಾರ್ಡಿಗೆ ಬಂದವರು. ಅವರೆಲ್ಲ ನೋಡುತ್ತಿರುವಂತೆ, ನನ್ನದೇ ಅಂಗಡಿಯಲ್ಲಿ, ನನ್ನದೇ ಕುರ್ಚಿಯಲ್ಲಿ ಕೂತು ನಾನು ಐವತ್ತು ಸಾಲು ಹೊಡೆದೆ. ಮಿಸ್ ಕೊನೆಯ ಪದದಿಂದ ಮೊದಲ ಪದಕ್ಕೆ, ಅಡಿಕೋಲು ಏರಿಸುತ್ತಾ ಏರಿಸುತ್ತಾ ಓದಿ 'ಸರಿ' ಎಂದು ಬರೆದರು. ಆಮೇಲೆ ಮುಡುಕುತೊರೆಯವರ ಮದುವೆ ಕಾರ್ಡನ್ನೂ ಬಿಡದೆ ಓದಿ, ಅದರಲ್ಲಿ ವರನ ತಾತನ ಹೆಸರು ಎರಡು ಸಲ ಬಂದಿರುವುದನ್ನು ಹಿಡಿದರು. ಸಂತೋಷವಾಗಿ ಮೂರು ಇಡ್ಲಿ ತಿಂದು ನಂಜನಗೂಡು ಬಸ್ಸು ಹತ್ತಿದರು.

ಎರಡೂ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿವೆ. ತಮ್ಮನ ಮಗನಿಗೆ ತೋರಿಸಿದೆ, ಅವರೂ ನಕ್ಕರು. ಕಾರ್ಡು ಟೈಪ್ ಮಾಡಿ ಒಂದು ಪ್ರತಿ ತೆಗೆದೆ. ಸರಿಯಾಗಿದೆ ಬಿಡಿ ಸಾರ್, ನೀವೇ ಮಾಡಿದ್ದಲ್ವಾ ಎಂದು ಅವರು ಏಳಲು ಹೋದರು. ನಾನು ಬಿಡಲಿಲ್ಲ. ಅಡಿಕೋಲು ಕೊಟ್ಟು ಕೂರಿಸಿದೆ. ಮೊದಲ ಸಲ ಅವರು ಓದಿದರು, ನಾನು ನೋಡಿದೆ. ಎರಡನೇ ಸಲ ನಾನು ಓದಿದೆ, ಅವರು ನೋಡಿದರು. ಮೂರನೇ ಸಲ ಹಿಂದು ಹಿಂದಕ್ಕೆ ಓದುವಾಗ, ನಂಜನಗೂಡು ಎಂಬಲ್ಲಿ ಒಂದು ಕೊಂಬು ಬಿಟ್ಟುಹೋಗಿರುವುದು ಸಿಕ್ಕಿತು. ತಿದ್ದಿದೆ. ಹೊಸ ಪ್ರತಿಯ ಕೆಳಗೆ 'ಸರಿ' ಎಂದು ಬರೆಯಲು ಹೋದಾಗ ಮಾತ್ರ ಕಣ್ಣು ತುಂಬಿ ಅಕ್ಷರಗಳು ಕಾಣದಾದವು. ಪೆನ್ನು ಕೆಳಗಿಟ್ಟೆ. ಕಣ್ಣೊರೆಸಿಕೊಂಡು ನಾಲ್ಕನೇ ಸಲ ಓದಿದೆ.